ಪ್ಲ್ಯಾನಿಂಗ್ ಇಂಜಿನಿಯರ್‌ಗೆ ಯಾವ ಸರ್ಟಿಫಿಕೇಟ್? ಶೆಡ್ಯೂಲ್‌ಗೆ ಯಾವ ಅಳತೆಗೋಲು?

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ನಿರ್ಮಾಣ ಕಂಪನಿಗಳ ಪ್ಲ್ಯಾನಿಂಗ್ ವಿಭಾಗದವರದು. ಅರ್ಧ ಜನ ‘ಯಾವ ಪರೀಕ್ಷೆ ಬರೆಯಲಿ’ ಎಂದು ಕೇಳಿದ್ದಾರೆ. ಉಳಿದರ್ಧ ‘ಕನ್ಸಲ್ಟೆಂಟ್ ನನ್ನ ಶೆಡ್ಯೂಲ್ ವಾಪಸ್ ಕಳಿಸಿದ್ದಾರೆ, ಏನು ಮಾಡಲಿ’ ಎಂದು ಬರೆದಿದ್ದಾರೆ. ಒಂದೇ ಬಗೆಯ ಪತ್ರಗಳನ್ನು ಕೂಡಿಸಿ ಒಂದು ಪ್ರಶ್ನೆ ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಬಿ.ಇ. ಸಿವಿಲ್. ಮೂರು ವರ್ಷದಿಂದ ಪ್ಲ್ಯಾನಿಂಗ್‌ನಲ್ಲಿದ್ದೇನೆ. ನನ್ನ ಜೊತೆಗಿರುವವನು ಡಿಪ್ಲೊಮಾ ಮಾಡಿ ಐದು ವರ್ಷವಾಗಿದೆ. ಪಿಎಂಐ-ಎಸ್‌ಪಿ, ಪಿಎಸ್‌ಪಿ, ಪ್ರೈಮಾವೆರಾ ಕೋರ್ಸ್ – ಮೂರರಲ್ಲಿ ನಮ್ಮಿಬ್ಬರಿಗೆ ಯಾವುದು ಸರಿ? — ದಾವಣಗೆರೆ

ಮೊದಲು ಶೆಡ್ಯೂಲ್ ಮಾಡುವ ಸಾಫ್ಟ್‌ವೇರಾದ ಪ್ರೈಮಾವೆರಾದ ಕೋರ್ಸಿನ ವಿಷಯ ಮುಗಿಸಿಬಿಡೋಣ. ತರಬೇತಿ ಕೇಂದ್ರಗಳು ಕೊಡುವುದು ಬಹುತೇಕ ‘ಇವರು ಇಷ್ಟು ದಿನ ತರಗತಿಗೆ ಬಂದಿದ್ದರು’ ಎಂಬ ಪತ್ರ. ಸಾಫ್ಟ್‌ವೇರಿನಲ್ಲಿ ಯಾವ ಬಟನ್ ಎಲ್ಲಿದೆ ಎಂದು ಕಲಿಯಲು ಅದು ಬೇಕು. ಆದರೆ ಶೆಡ್ಯೂಲ್ ಮಾಡಲು ಬರುತ್ತದೆ ಎಂಬುದಕ್ಕೆ ಅದು ಪುರಾವೆಯಲ್ಲ. ಮೊದಲ ಕೆಲಸಕ್ಕೆ ಅರ್ಜಿ ಹಾಕುವವರಿಗೆ ಪ್ರಯೋಜನ ಇದೆ, ನಿಮ್ಮಿಬ್ಬರಿಗೆ ಹೆಚ್ಚಿಲ್ಲ.

ಪಿಎಂಐ-ಎಸ್‌ಪಿ ಎಂಬ ಶೆಡ್ಯೂಲಿಂಗ್ ಸರ್ಟಿಫಿಕೇಟ್ ಕೊಡುವುದು ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ (ಪಿಎಂಐ). ನಾಲ್ಕು ವರ್ಷದ ಪದವಿ ಇದ್ದರೆ ಕಳೆದ 5 ವರ್ಷಗಳಲ್ಲಿ 24 ತಿಂಗಳ ಶೆಡ್ಯೂಲಿಂಗ್ ಅನುಭವ ಮತ್ತು 30 ಗಂಟೆಗಳ ಶೆಡ್ಯೂಲಿಂಗ್ ತರಬೇತಿ ಬೇಕು. ಪದವಿ ಇಲ್ಲದವರಿಗೆ 40 ತಿಂಗಳು ಮತ್ತು 40 ಗಂಟೆ. ಅಂದರೆ ನೀವೂ ಅರ್ಹರು, ಡಿಪ್ಲೊಮಾ ಮಾಡಿದ ನಿಮ್ಮ ಸ್ನೇಹಿತರೂ ಅರ್ಹರು. ಪರೀಕ್ಷೆಯಲ್ಲಿ 170 ಪ್ರಶ್ನೆ, ಮೂರೂವರೆ ಗಂಟೆ. ಅದರಲ್ಲಿ 20 ಪ್ರಶ್ನೆಗೆ ಅಂಕವಿಲ್ಲ, ಮುಂದಿನ ಪರೀಕ್ಷೆಗಳಿಗಾಗಿ ಸೇರಿಸಿರುತ್ತಾರೆ, ಆದರೆ ಯಾವುವು ಎಂದು ನಿಮಗೆ ಗೊತ್ತಾಗುವುದಿಲ್ಲ. ಹೆಚ್ಚು ತೂಕ ಇರುವುದು ಎರಡು ಭಾಗಕ್ಕೆ: ಶೆಡ್ಯೂಲ್ ರೂಪಿಸುವುದು, ಮತ್ತು ನಡೆಯುತ್ತಿರುವ ಶೆಡ್ಯೂಲಿನ ಮೇಲೆ ನಿಗಾ. ಇವೆರಡೇ ಸೇರಿ ಮೂರನೇ ಎರಡು ಭಾಗದಷ್ಟಾಗುತ್ತವೆ. ಪ್ರಾಜೆಕ್ಟ್ ಮುಗಿಸುವ ಹಂತದ ಭಾಗ ತೀರಾ ಚಿಕ್ಕದು, ಅದಕ್ಕೆ ವಾರಗಟ್ಟಲೆ ಕೂರಬೇಡಿ. ಓದಬೇಕಾದ ಮುಖ್ಯ ಪುಸ್ತಕ ಆ ಸಂಸ್ಥೆಯದೇ ಶೆಡ್ಯೂಲಿಂಗ್ ಪ್ರಾಕ್ಟೀಸ್ ಸ್ಟ್ಯಾಂಡರ್ಡ್. 2007ರಲ್ಲಿ ಮೊದಲು ಬಂತು, ಮೂರನೇ ಆವೃತ್ತಿ 2019ರದು. ಹಳೇ ಆವೃತ್ತಿಯ ನೋಟ್ಸ್ ಇಟ್ಟುಕೊಂಡು ಓದುವವರು ತುಂಬ ಜನ ಇದ್ದಾರೆ, ಅದೊಂದು ಎಚ್ಚರ ಇರಲಿ.

ಪಿಎಸ್‌ಪಿ ಕೂಡ ಶೆಡ್ಯೂಲಿಂಗ್ ಸರ್ಟಿಫಿಕೇಟೇ, ಕೊಡುವುದು ಎಎಸಿಇ ಇಂಟರ್‌ನ್ಯಾಷನಲ್, 1956ರಲ್ಲಿ ಅಮೆರಿಕದಲ್ಲಿ ವೆಚ್ಚ ಇಂಜಿನಿಯರುಗಳು ಕಟ್ಟಿದ ಸಂಸ್ಥೆ. ಇದಕ್ಕೆ ಸಂಬಂಧಪಟ್ಟ ಪದವಿ ಇದ್ದರೆ 4 ವರ್ಷ, ಇಲ್ಲದಿದ್ದರೆ 8 ವರ್ಷ ಅನುಭವ ಬೇಕು. ಆದ್ದರಿಂದ ನೀವು ಇನ್ನೊಂದು ವರ್ಷ ಕಾಯಬೇಕು, ನಿಮ್ಮ ಸ್ನೇಹಿತರು ಇನ್ನೂ ಮೂರು ವರ್ಷ. ಈ ಪರೀಕ್ಷೆಯಲ್ಲಿ ಲೆಕ್ಕಗಳು ಹೆಚ್ಚು. ಕೊನೆಗೆ ಒಂದು ಮೆಮೊ ಬರೆಯಬೇಕು: ಒಂದು ಸನ್ನಿವೇಶ ಕೊಡುತ್ತಾರೆ, ಮೇಲಧಿಕಾರಿಗೆ ಪರಿಸ್ಥಿತಿ, ಕಾರಣ, ಸಲಹೆ ಮೂರನ್ನೂ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಬರೆಯಬೇಕು. ಲೆಕ್ಕದಲ್ಲಿ ಗಟ್ಟಿ ಇರುವವರೂ ಎಡವುವುದು ಇಲ್ಲಿಯೇ. ಸೈಟಿನಲ್ಲಿ ವಾಟ್ಸಾಪ್ ಸಂದೇಶ ಬರೆದು ಅಭ್ಯಾಸವಾದ ಕೈಗೆ ಒಂದು ಪುಟದ ಮೆಮೊ ಸುಲಭವಲ್ಲ. ವಾರಕ್ಕೊಂದು ಬರೆದು ಅಭ್ಯಾಸ ಮಾಡಿ.

ನಮ್ಮ ಅಭಿಪ್ರಾಯ: ಕಟ್ಟಡ, ಮೆಟ್ರೋ, ರಿಫೈನರಿಯಂಥ ಕಡೆ ಇದ್ದು ಮುಂದೆ ಕ್ಲೇಮ್ (ತಡಕ್ಕೆ ಹೆಚ್ಚು ಸಮಯ, ಹಣ ಕೇಳುವ) ವಿಭಾಗಕ್ಕೆ ಹೋಗುವ ಆಸೆ ಇದ್ದರೆ ಪಿಎಸ್‌ಪಿಗೆ ತಯಾರಾಗಿ. ಐಟಿ, ಉತ್ಪಾದನೆ, ನಿರ್ಮಾಣ ಯಾವುದಕ್ಕಾದರೂ ಹೊಂದಬೇಕು, ಬೇಗ ಬೇಕು ಎಂದಾದರೆ ಪಿಎಂಐ-ಎಸ್‌ಪಿ. ಎರಡನ್ನೂ ಒಟ್ಟಿಗೆ ಮಾಡುವ ಅಗತ್ಯವಿಲ್ಲ. ಶುಲ್ಕ ಆಗಾಗ ಬದಲಾಗುತ್ತದೆ, ಸದಸ್ಯರಿಗೂ ಸದಸ್ಯರಲ್ಲದವರಿಗೂ ಬೇರೆ ಬೇರೆ. ಕಟ್ಟುವ ದಿನ ಆಯಾ ಸಂಸ್ಥೆಯ ಜಾಲತಾಣದಲ್ಲೇ ನೋಡಿ.

ಪ್ರಶ್ನೆ: ಪಿಎಂಐ-ಎಸ್‌ಪಿ ಅರ್ಜಿಯಲ್ಲಿ ಅನುಭವ ಹೇಗೆ ತುಂಬುವುದು? ಆಡಿಟ್ ಬರುತ್ತದೆ ಎಂದು ಹೆದರಿಸುತ್ತಾರೆ. — ಬೆಳಗಾವಿ

ಆಡಿಟ್ ಕೆಲವು ಅರ್ಜಿಗಳಿಗೆ ಮಾತ್ರ, ಯಾದೃಚ್ಛಿಕವಾಗಿ ಬರುತ್ತದೆ. ಬಂದರೆ ದಾಖಲೆ ಕಳಿಸಲು 90 ದಿನ ಇರುತ್ತದೆ: ಪದವಿಯ ಪ್ರತಿ, ತರಬೇತಿಯ ಪ್ರಮಾಣಪತ್ರ, ಅನುಭವಕ್ಕೆ ಮೇಲಧಿಕಾರಿಯ ಸಹಿ. ತೊಂದರೆ ಆಗುವುದು ಹಳೇ ಕಂಪನಿಯ ಮ್ಯಾನೇಜರ್ ಕೆಲಸ ಬಿಟ್ಟು ಹೋಗಿ ಸಂಪರ್ಕ ತಪ್ಪಿದಾಗ. ಅದಕ್ಕೆ ಅರ್ಜಿ ಹಾಕುವ ಮೊದಲೇ ಅವರಿಗೆ ಫೋನ್ ಮಾಡಿ, ಏನು ಬರೆಯುತ್ತಿದ್ದೀರಿ ಎಂದು ಹೇಳಿ ಒಪ್ಪಿಸಿಕೊಳ್ಳಿ.

ಒಂದೇ ತಿಂಗಳಲ್ಲಿ ಎರಡು ಪ್ರಾಜೆಕ್ಟ್ ನೋಡಿದ್ದರೂ ಅದು ಒಂದೇ ತಿಂಗಳ ಅನುಭವ. ಬರೆಯುವಾಗ ‘ಪ್ಲ್ಯಾನಿಂಗ್ ಮಾಡಿದೆ’ ಎಂದು ಬಿಟ್ಟುಬಿಡಬೇಡಿ. ಕೆಲಸ ವಿಂಗಡಿಸಿದ್ದು, ಆಕ್ಟಿವಿಟಿಗಳ (ಶೆಡ್ಯೂಲಿನ ಒಂದೊಂದು ಕೆಲಸದ) ನಡುವೆ ಲಿಂಕ್ ಕೊಟ್ಟಿದ್ದು, ಬೇಸ್‌ಲೈನ್‌ಗೆ (ಮೂಲ ಶೆಡ್ಯೂಲಿಗೆ) ಒಪ್ಪಿಗೆ ಪಡೆದದ್ದು, ತಿಂಗಳ ಅಪ್‌ಡೇಟ್ ಮಾಡಿದ್ದು, ವರದಿ ಕೊಟ್ಟಿದ್ದು – ಪರೀಕ್ಷೆಯ ಪಠ್ಯದಲ್ಲಿರುವ ಭಾಗಗಳ ಹೆಸರಿನಲ್ಲೇ ಬರೆಯಿರಿ. ಬಿಲ್ ತಯಾರಿಸಿದ್ದು, ಮೆಟೀರಿಯಲ್ ಆರ್ಡರ್ ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ಅರ್ಜಿ ಒಪ್ಪಿಗೆಯಾದ ಮೇಲೆ ಒಂದು ವರ್ಷದೊಳಗೆ ಮೂರು ಸಲ ಪರೀಕ್ಷೆ ಬರೆಯಬಹುದು.

ಪ್ರಶ್ನೆ: ಬೆಂಗಳೂರಿನ ಒಂದು ವಸತಿ ಸಮುಚ್ಚಯದ ಬೇಸ್‌ಲೈನ್ ಕಳಿಸಿದ್ದೆ. 1,200 ಆಕ್ಟಿವಿಟಿ. ‘ಡಿಸಿಎಂಎ 14 ಪಾಯಿಂಟ್‌ನಲ್ಲಿ ಫೇಲ್’ ಎಂದು ಒಂದೇ ಸಾಲು ಬರೆದು ವಾಪಸ್ ಕಳಿಸಿದ್ದಾರೆ. ಇದೇನು? ಎಲ್ಲಿಂದ ಶುರು ಮಾಡಲಿ?

ಡಿಸಿಎಂಎ ಎಂದರೆ ಅಮೆರಿಕದ ರಕ್ಷಣಾ ಇಲಾಖೆಯ ಗುತ್ತಿಗೆಗಳನ್ನು ನೋಡಿಕೊಳ್ಳುವ ಸಂಸ್ಥೆ. ವಿಮಾನ, ಶಸ್ತ್ರಾಸ್ತ್ರ ಮಾಡುವ ಕಂಪನಿಗಳ ಶೆಡ್ಯೂಲ್ ಪರೀಕ್ಷಿಸಲು ಅವರು ಮಾಡಿಕೊಂಡ 14 ತಪಾಸಣೆಗಳು ಈಗ ಮನೆ ಕಟ್ಟುವವರ ಮೇಲೂ ಬಂದಿವೆ. ಹಲವು ಸಾಫ್ಟ್‌ವೇರ್‌ಗಳು ಒಂದು ಬಟನ್‌ನಲ್ಲಿ ಲೆಕ್ಕ ಕೊಡುವುದರಿಂದ ಕನ್ಸಲ್ಟೆಂಟ್‌ಗಳಿಗೆ ಇದು ಪ್ರಿಯ. ಒಂದೇ ಸಾಲಿನ ತಿರಸ್ಕಾರ ಸರಿಯಲ್ಲ. ಯಾವ ಪಾಯಿಂಟ್, ಯಾವ ಆಕ್ಟಿವಿಟಿ ಐಡಿ ಎಂದು ಪಟ್ಟಿ ಕೇಳಿ, ಅದು ನಿಮ್ಮ ಹಕ್ಕು. ಪಟ್ಟಿ ಬರುವುದರೊಳಗೆ ನೀವೇ ಹೀಗೆ ನೋಡಿ.

ಪಿ6ನಲ್ಲಿ (ಪ್ರೈಮಾವೆರಾ ಸಾಫ್ಟ್‌ವೇರಿನಲ್ಲಿ) ಎಫ್9 ಒತ್ತಿ ಶೆಡ್ಯೂಲ್ ಮಾಡಿದ ಮೇಲೆ ಲಾಗ್ ತೆರೆಯಿರಿ. ಪ್ರಿಡಿಸೆಸರ್ (ಹಿಂದಿನ ಕೆಲಸ) ಇಲ್ಲದ, ಸಕ್ಸೆಸರ್ (ಮುಂದಿನ ಕೆಲಸ) ಇಲ್ಲದ ಆಕ್ಟಿವಿಟಿಗಳ ಪಟ್ಟಿ ಅಲ್ಲಿರುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ಶುರುವಿನ ಮೈಲಿಗಲ್ಲಿಗೆ ಮಾತ್ರ ಹಿಂದೆ ಏನೂ ಇರಬಾರದು, ಕೊನೆಯದಕ್ಕೆ ಮಾತ್ರ ಮುಂದೆ ಏನೂ ಇರಬಾರದು. ಡಿಸಿಎಂಎ ಮಿತಿ ಶೇ 5, ಅಂದರೆ ನಿಮ್ಮ 1,200ರಲ್ಲಿ 60. ಆದರೆ 60 ಬಿಟ್ಟರೂ ಪಾಸ್ ಎಂದುಕೊಳ್ಳಬೇಡಿ. ಬಿಟ್ಟುಹೋದ ಒಂದು ಲಿಂಕ್ ಲಿಫ್ಟ್ ಅಳವಡಿಕೆಯದ್ದಾದರೆ ಕ್ರಿಟಿಕಲ್ ಪಾಥ್ (ಮುಕ್ತಾಯದ ದಿನ ನಿರ್ಧರಿಸುವ ಕೆಲಸಗಳ ಸರಣಿ) ಪೂರ್ತಿ ಸುಳ್ಳಾಗುತ್ತದೆ.

ಲಾಗ್‌ನಲ್ಲಿ ಕಾಣದ ತಪ್ಪು ಇನ್ನೊಂದಿದೆ, ಅದೇ ಹೆಚ್ಚು ಅಪಾಯದ್ದು. ಸೆಂಟ್ರಿಂಗ್ ಶುರುವಾಗಿ 3 ದಿನಕ್ಕೆ ಕಂಬಿ ಕಟ್ಟುವುದು ಶುರು ಎಂದು ಎಸ್‌ಎಸ್+3 (ಶುರುವಿನಿಂದ ಶುರುವಿಗೆ) ಲಿಂಕ್ ಕೊಡುತ್ತೀರಿ. ಕಂಬಿ ಮುಗಿದ ಮೇಲೆ ಕಾಂಕ್ರೀಟ್. ಸೆಂಟ್ರಿಂಗಿಗೆ ಮುಂದೆ ಬೇರೆ ಲಿಂಕ್ ಇಲ್ಲ. ಲೆಕ್ಕಕ್ಕೆ ಅದಕ್ಕೆ ಸಕ್ಸೆಸರ್ ಇದೆ, ಆದ್ದರಿಂದ ಲಾಗ್ ಸುಮ್ಮನಿರುತ್ತದೆ. ಆದರೆ ಸೆಂಟ್ರಿಂಗ್ 10 ದಿನ ತಡವಾಗಿ ಮುಗಿದರೂ ಕಾಂಕ್ರೀಟ್ ದಿನಾಂಕ ಅಲ್ಲಾಡುವುದಿಲ್ಲ. ಸೆಂಟ್ರಿಂಗ್ ಮುಗಿಯದೇ ಮೋಲ್ಡ್ ಹಾಕಿದ ಹಾಗೆ! ಇದಕ್ಕೆ ಪರಿಹಾರ ಸೆಂಟ್ರಿಂಗಿನಿಂದ ಕಂಬಿಗೆ ಎಫ್‌ಎಫ್+1 (ಮುಕ್ತಾಯದಿಂದ ಮುಕ್ತಾಯಕ್ಕೆ, 1 ದಿನ ಬಿಟ್ಟು) ಅನ್ನೂ ಸೇರಿಸುವುದು. ನಿಯಮ ಸರಳ: ಪ್ರತಿ ಆಕ್ಟಿವಿಟಿಯ ಶುರುವನ್ನು ಹಿಂದಿನ ಯಾವುದಾದರೂ ಲಿಂಕ್ ಹಿಡಿದಿರಬೇಕು, ಅದರ ಮುಕ್ತಾಯ ಮುಂದಿನ ಯಾವುದನ್ನಾದರೂ ಹಿಡಿದಿರಬೇಕು.

ನಂತರ ಲಿಂಕ್‌ಗಳ ಬಗೆ. ಎಫ್‌ಎಸ್ (ಹಿಂದಿನದು ಮುಗಿದ ಮೇಲೆ ಮುಂದಿನದು ಶುರು) ಶೇ 90ಕ್ಕಿಂತ ಕಡಿಮೆ ಇರಬಾರದು. ಲ್ಯಾಗ್ ಎಂದರೆ ಲಿಂಕಿನಲ್ಲಿ ಕೊಡುವ ಕಾಯುವ ದಿನಗಳು. ಋಣ ಲ್ಯಾಗ್, ಅಂದರೆ ಲೀಡ್, ಒಂದೂ ಇರಬಾರದು. ಲ್ಯಾಗ್ ಇರುವ ಲಿಂಕ್ ಶೇ 5ರೊಳಗೆ. ಮ್ಯಾಂಡೇಟರಿ ಸ್ಟಾರ್ಟ್, ಮ್ಯಾಂಡೇಟರಿ ಫಿನಿಶ್‌ನಂಥ ಗಟ್ಟಿ ಕನ್‌ಸ್ಟ್ರೈಂಟ್ (ದಿನಾಂಕವನ್ನು ಕಟ್ಟಿಹಾಕುವ ಷರತ್ತು) ಶೇ 5ರೊಳಗೆ. ನಮ್ಮನ್ನು ಕೇಳಿದರೆ ಮ್ಯಾಂಡೇಟರಿ ಬಗೆ ಒಂದೂ ಬೇಡ. ಹಿಂದಿನ ಕೆಲಸ ತಡವಾದರೂ ಅದು ದಿನಾಂಕವನ್ನು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ, ಮುಂದಿನ ಕೆಲಸಗಳೆಲ್ಲ ಆ ಸುಳ್ಳು ದಿನಾಂಕದಿಂದ ಹೊರಡುತ್ತವೆ. ಜಾಗ ಹಸ್ತಾಂತರ ಜೂನ್ 10ಕ್ಕೆ ಎಂದಿದ್ದರೆ ‘ಸ್ಟಾರ್ಟ್ ಆನ್ ಆರ್ ಆಫ್ಟರ್’ ಸಾಕು.

44 ಕೆಲಸದ ದಿನಗಳ ಮಿತಿ ಎರಡು ಕಡೆ ಬರುತ್ತದೆ: ಅವಧಿ ಮತ್ತು ಫ್ಲೋಟ್ (ಮುಕ್ತಾಯದ ದಿನ ಸರಿಯದಂತೆ ಒಂದು ಕೆಲಸ ತಡವಾಗಬಹುದಾದ ದಿನಗಳು). ತಿಂಗಳಿಗೆ 22 ಕೆಲಸದ ದಿನ ಎಂದು ಹಿಡಿದು ಎರಡು ತಿಂಗಳು ಎಂಬುದು ಅದರ ಲೆಕ್ಕ. ಇದನ್ನು ಮೀರಿದವು ಶೇ 5ಕ್ಕಿಂತ ಹೆಚ್ಚಿರಬಾರದು. ಲಿಫ್ಟ್, ಟ್ರಾನ್ಸ್‌ಫಾರ್ಮರ್, ಡಿಜಿ ಸೆಟ್ ತರಿಸಲು ತಿಂಗಳುಗಟ್ಟಲೆ ಬೇಕು, ಅವು 44 ಮೀರುವುದು ಸಹಜ. ಪಾಯಿಂಟ್ ಪಾಸ್ ಮಾಡಲೆಂದು ‘ಲಿಫ್ಟ್ ತರಿಸುವುದು ಭಾಗ 1, ಭಾಗ 2, ಭಾಗ 3’ ಎಂದು ತುಂಡು ಮಾಡುವವರಿದ್ದಾರೆ, ಅದರಿಂದ ಯಾರಿಗೂ ಉಪಯೋಗವಿಲ್ಲ. ಆರ್ಡರ್, ಡ್ರಾಯಿಂಗ್ ಒಪ್ಪಿಗೆ, ತಯಾರಿಕೆ, ಫ್ಯಾಕ್ಟರಿ ತಪಾಸಣೆ, ಸಾಗಣೆ ಎಂದು ನಿಜವಾದ ಹಂತಗಳಾಗಿ ಒಡೆಯಿರಿ. ಆಮೇಲೂ ತಯಾರಿಕೆ 44 ದಾಟಿದರೆ ಕಾರಣ ಬರೆದು ಬಿಡಿ.

ಹೆಚ್ಚು ಫ್ಲೋಟ್ ಬಹಳ ಸಲ ಬಿಟ್ಟುಹೋದ ಲಿಂಕ್‌ನ ಗುರುತು. 300 ದಿನ ಫ್ಲೋಟ್ ಇರುವ ಪ್ಲಂಬಿಂಗ್ ಎಂದರೆ ಅದನ್ನು ಟೈಲ್ಸ್‌ಗೆ ಕಟ್ಟಿಲ್ಲ ಎಂದರ್ಥ.

ಉಳಿದದ್ದು ಬೇಗ ಹೇಳಿಬಿಡುತ್ತೇವೆ. ಋಣ ಫ್ಲೋಟ್ (ಗಡುವು ತಪ್ಪುತ್ತದೆ ಎಂಬ ಗುರುತು) ಇರಬಾರದು. ಮುಂದಿನ ತಾರೀಖಿನಲ್ಲಿ ‘ಆಯಿತು’ ಎಂದು, ಕಳೆದ ತಾರೀಖಿನಲ್ಲಿ ‘ಆಗಬೇಕು’ ಎಂದು ಇರಬಾರದು. ಅವಧಿ ಇರುವ ಕೆಲಸಗಳಿಗೆ ಜನ ಅಥವಾ ಹಣ ಹಂಚಿರಬೇಕು. ಕ್ರಿಟಿಕಲ್ ಪಾಥ್ ಪರೀಕ್ಷೆ ನೀವೇ ಮಾಡಿ: ಫೈಲಿನ ಪ್ರತಿ ತೆಗೆದುಕೊಂಡು ಕ್ರಿಟಿಕಲ್ ಪಾಥ್‌ನ ಒಂದು ಆಕ್ಟಿವಿಟಿಗೆ 600 ದಿನ ಹೆಚ್ಚಿಗೆ ಹಾಕಿ ಎಫ್9 ಒತ್ತಿ. ಕೊನೆಯ ದಿನಾಂಕ ಅಷ್ಟೇ ದೂರ ಸರಿಯಬೇಕು. ಸರಿಯದಿದ್ದರೆ ನಡುವೆ ಎಲ್ಲೋ ಲಿಂಕ್ ಮುರಿದಿದೆ ಅಥವಾ ಕನ್‌ಸ್ಟ್ರೈಂಟ್ ಕೂತಿದೆ. ತಪ್ಪಿದ ಗಡುವುಗಳು, ಸಿಪಿಎಲ್‌ಐ (ಉಳಿದ ಕ್ರಿಟಿಕಲ್ ಪಾಥ್ ಗಡುವಿಗೆ ಮುಗಿಯುವ ಸಾಧ್ಯತೆಯ ಸೂಚ್ಯಂಕ), ಬಿಇಐ (ಮುಗಿಯಬೇಕಿದ್ದರಲ್ಲಿ ಎಷ್ಟು ಮುಗಿದಿದೆ ಎಂಬ ಸೂಚ್ಯಂಕ) – ಈ ಮೂರು ಕೆಲಸ ನಡೆಯಲು ಶುರುವಾದ ಮೇಲಿನವು, ಬೇಸ್‌ಲೈನ್ ಹಂತದಲ್ಲಿ ಅವನ್ನು ಹಿಡಿದು ಫೇಲ್ ಮಾಡುವುದಕ್ಕೆ ಅರ್ಥವಿಲ್ಲ. ಸಿಪಿಎಲ್‌ಐ ಲೆಕ್ಕ ತಿಳಿದಿರಲಿ: ಉಳಿದ ಕ್ರಿಟಿಕಲ್ ಪಾಥ್ 200 ದಿನ, ಒಟ್ಟು ಫ್ಲೋಟ್ ಋಣ 20 ಆದರೆ 200ರಿಂದ 20 ಕಳೆದು 200ರಿಂದ ಭಾಗಿಸಿ, 0.90 ಬರುತ್ತದೆ. 0.95ಕ್ಕಿಂತ ಕಡಿಮೆ ಇದ್ದರೆ ಗಂಟೆ ಬಾರಿಸಿದಂತೆ. ಬಿಇಐ ಇನ್ನೂ ಸುಲಭ: ಈ ಹೊತ್ತಿಗೆ 95 ಕೆಲಸ ಮುಗಿಯಬೇಕಿತ್ತು, 76 ಮುಗಿದಿವೆ, 0.80.

ಬೇಸ್‌ಲೈನ್ ಮತ್ತೆ ಕಳಿಸುವಾಗ ಜೊತೆಗೆ ‘ಶೆಡ್ಯೂಲ್ ಬೇಸಿಸ್’ ಎಂಬ ಟಿಪ್ಪಣಿ ಇಡಿ. ಎಎಸಿಇಯ 38ಆರ್-06 ಎಂಬ ಶಿಫಾರಸು ಇದರ ಬಗ್ಗೆಯೇ ಇದೆ. ಕೆಲಸದ ವ್ಯಾಪ್ತಿ, ಕ್ಯಾಲೆಂಡರ್, ರಜೆಗಳು, ಊಹೆಗಳು, ಕ್ರಿಟಿಕಲ್ ಪಾಥ್ ಎಲ್ಲಿ ಹಾದುಹೋಗುತ್ತದೆ ಎಂಬ ವಿವರಣೆ, ಅವಧಿಗಳು ಬಂದ ಲೆಕ್ಕ. ‘ಕಂಬಿ 8 ದಿನ’ ಎಂದು ಬರೆದರೆ ಸಾಲದು. ‘ಒಂದು ಮಹಡಿಗೆ 12 ಟನ್, ತಂಡಕ್ಕೆ ದಿನಕ್ಕೆ 1.5 ಟನ್, ಒಂದೇ ತಂಡ’ ಎಂದಿದ್ದರೆ ಎರಡು ವರ್ಷದ ನಂತರ ಯಾರು ಕೇಳಿದರೂ ಉತ್ತರ ಕಾಗದದಲ್ಲಿರುತ್ತದೆ. 14 ಪಾಯಿಂಟ್ ಪಾಸಾಗಿ ಈ ಟಿಪ್ಪಣಿ ಇಲ್ಲದ ಶೆಡ್ಯೂಲಿಗಿಂತ, 12 ಪಾಸಾಗಿ ಟಿಪ್ಪಣಿ ಇರುವ ಶೆಡ್ಯೂಲ್ ಎಷ್ಟೋ ಮೇಲು.

ಪ್ರಶ್ನೆ: ಸ್ಲ್ಯಾಬ್ ಹಾಕಿ ಸೆಂಟ್ರಿಂಗ್ ಬಿಚ್ಚುವ ನಡುವಿನ ಕಾಲವನ್ನು ಲ್ಯಾಗ್ ಆಗಿ ಕೊಡಬೇಕೋ, ಬೇರೆ ಆಕ್ಟಿವಿಟಿ ಮಾಡಬೇಕೋ? — ಉಡುಪಿ

ಬೇರೆ ಆಕ್ಟಿವಿಟಿ ಮಾಡಿ. ಲ್ಯಾಗ್ ಬಾರ್ ಚಾರ್ಟ್‌ನಲ್ಲಿ ಕಾಣುವುದಿಲ್ಲ, ಅದಕ್ಕೆ ಹೆಸರಿಲ್ಲ, ಕ್ಯಾಲೆಂಡರ್ ಕೂಡ ಅದರದ್ದಲ್ಲ. ಪಿ6 ತಾನಾಗಿ ಬಳಸುವುದು ಪ್ರಿಡಿಸೆಸರ್‌ನ ಕ್ಯಾಲೆಂಡರ್. ತೊಂದರೆ ಶುರುವಾಗುವುದು ಇಲ್ಲೇ.

ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456:2000ರ ಪ್ರಕಾರ ಸ್ಲ್ಯಾಬ್ ಹರವು 4.5 ಮೀಟರ್ ಒಳಗಿದ್ದರೆ ಪ್ರಾಪ್ (ಕೆಳಗಿನ ಆಧಾರದ ಕಂಬ) 7 ದಿನ ಇರಬೇಕು, ಮೀರಿದರೆ 14 ದಿನ. 6 ಮೀಟರ್ ಮೀರಿದ ಬೀಮ್‌ಗೆ 21 ದಿನ. ಕ್ಯೂರಿಂಗ್ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ 10 ದಿನ. ಈ ದಿನಗಳು ಭಾನುವಾರವನ್ನೂ ಸೇರಿಸಿದವು. ಕಾಂಕ್ರೀಟಿಗೆ ರಜೆ ಇಲ್ಲ.

ಈಗ ಕಾಂಕ್ರೀಟ್ ಆಕ್ಟಿವಿಟಿಗೆ ವಾರಕ್ಕೆ 6 ದಿನದ ಕ್ಯಾಲೆಂಡರ್ ಇದೆ, ಸೋಮವಾರ ಮೋಲ್ಡ್ ಮುಗಿಯಿತು, ಎಫ್‌ಎಸ್+14 ಲ್ಯಾಗ್ ಕೊಟ್ಟಿದ್ದೀರಿ ಎನ್ನಿ. ಮಂಗಳವಾರದಿಂದ ಶನಿವಾರಕ್ಕೆ 5, ಮುಂದಿನ ವಾರ 6, ಅದರ ಮುಂದಿನ ವಾರ ಬುಧವಾರಕ್ಕೆ 3. ಎರಡು ಭಾನುವಾರ ಒಳಗೆ ಸೇರಿ 14 ಹೋಗಿ 16 ದಿನವಾಯಿತು. ಸೆಂಟ್ರಿಂಗ್ ಸಾಮಾನು ಒಂದೇ ಸೆಟ್ ಇದ್ದು ಮಹಡಿಯಿಂದ ಮಹಡಿಗೆ ಹೋಗುತ್ತಿದ್ದರೆ ಪ್ರತಿ ಮಹಡಿಗೆ 2 ದಿನ, 10 ಮಹಡಿಗೆ 20 ದಿನ ಸುಮ್ಮನೆ ಸೇರಿಕೊಂಡಿತು. ಯಾರೂ ತಪ್ಪು ಮಾಡಿದಂತೆ ಕಾಣುವುದೂ ಇಲ್ಲ.

‘ಪ್ರಾಪ್ ಕಾಲ, ಮಹಡಿ 3’ ಎಂದು 14 ದಿನದ ಆಕ್ಟಿವಿಟಿ ಮಾಡಿ 7 ದಿನದ ಕ್ಯಾಲೆಂಡರ್ ಕೊಡಿ, ಅಷ್ಟೆ. ನೀವು ಕರಾವಳಿಯವರಾದ್ದರಿಂದ ಇನ್ನೊಂದು ಮಾತು: ಅಗೆತ, ಹೊರಗೋಡೆ ಗಾರೆ, ಟೆರೇಸ್ ವಾಟರ್‌ಪ್ರೂಫಿಂಗ್ ಇಂಥವಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸದ ದಿನ ಕಡಿಮೆ ಇರುವ ಮಳೆಗಾಲದ ಕ್ಯಾಲೆಂಡರ್ ಬೇರೆ ಮಾಡಿ. ಒಳಗಿನ ವೈರಿಂಗ್‌ಗೆ ಅದನ್ನು ಹಾಕಬೇಡಿ.

ಪ್ರಶ್ನೆ: ಅಪ್‌ಡೇಟ್ ಮಾಡುವಾಗ ರಿಟೇನ್ಡ್ ಲಾಜಿಕ್ ಇಟ್ಟರೆ ಮುಗಿಯುವ ದಿನಾಂಕ ದೂರ ಹೋಗುತ್ತದೆ, ಪ್ರೋಗ್ರೆಸ್ ಓವರ್‌ರೈಡ್ ಇಟ್ಟರೆ ಹತ್ತಿರ ಬರುತ್ತದೆ. ಯಾವುದು ನಿಜ?

ಎರಡೂ ಅಲ್ಲದಿರಬಹುದು. ಗಾರೆ ಮುಗಿದ ಮೇಲೆ ಪೇಂಟ್ ಎಂದು ಎಫ್‌ಎಸ್ ಕೊಟ್ಟಿದ್ದೀರಿ. ಸೈಟಿನಲ್ಲಿ ಗಾರೆ ಇನ್ನೂ 6 ದಿನ ಬಾಕಿ ಇರುವಾಗಲೇ ಪೇಂಟ್ ಶುರುವಾಗಿ 4 ದಿನ ಬಾಕಿ ಇದೆ. ರಿಟೇನ್ಡ್ ಲಾಜಿಕ್ ಹೇಳುವುದು: ಪೇಂಟಿನ ಬಾಕಿ ಭಾಗ ಗಾರೆ ಮುಗಿಯುವವರೆಗೆ ಕಾಯಬೇಕು, 6+4, ಹತ್ತು ದಿನ. ಓವರ್‌ರೈಡ್ ಹೇಳುವುದು: ಗಾರೆಯ ಸಂಬಂಧವೇ ಮರೆತುಬಿಡು, ಪೇಂಟ್ 4 ದಿನದಲ್ಲಿ ಮುಗಿಯುತ್ತದೆ. ಗಾರೆ ಆಗದ ಗೋಡೆಗೆ ಪೇಂಟ್ ಬಳಿಯಲಾಗದು, ಆದ್ದರಿಂದ 4 ಸುಳ್ಳು. ಗಾರೆಯಾದ ಮನೆಗಳಲ್ಲಿ ಪೇಂಟ್ ನಡೆಯುತ್ತಿದೆ, ಆದ್ದರಿಂದ 10 ಕೂಡ ಹೆಚ್ಚು.

ಗುತ್ತಿಗೆಯ ದಾಖಲೆಯಲ್ಲಿ ಬೇರೆ ಹೇಳಿಲ್ಲದಿದ್ದರೆ ರಿಟೇನ್ಡ್ ಲಾಜಿಕ್ ಇಡಿ, ಲಾಗ್‌ನಲ್ಲಿ ಬರುವ ಕ್ರಮ ತಪ್ಪಿದ ಆಕ್ಟಿವಿಟಿಗಳ ಪಟ್ಟಿ ತೆಗೆದು ಒಂದೊಂದನ್ನೂ ಸರಿ ಮಾಡಿ. ಇಲ್ಲಿ ಗಾರೆ-ಪೇಂಟ್ ಎರಡನ್ನೂ ಮಹಡಿವಾರು ಒಡೆಯುವುದು ಸರಿ. ಅಪ್‌ಡೇಟ್ ನಡುವೆ ಈ ಆಯ್ಕೆ ಬದಲಿಸಿದರೆ ವರದಿಯಲ್ಲಿ ಬರೆಯಲೇಬೇಕು. ಬರೆಯದೆ ಬದಲಿಸುವುದನ್ನು ದಿನಾಂಕ ತಿದ್ದುವುದಕ್ಕಿಂತ ಕಡಿಮೆ ಎಂದು ನಾವು ಒಪ್ಪುವುದಿಲ್ಲ.

ಪ್ರಶ್ನೆ: ಎಲ್ಲ ಅಮೆರಿಕದ ಮಾತೇ ಆಯಿತು. ನಮ್ಮ ದೇಶದ ಮಾನದಂಡ ಇಲ್ಲವೇ? ಸರ್ಕಾರಿ ಕೆಲಸದಲ್ಲಿ ಯಾರು ಈ ಫ್ಲೋಟ್ ಎಲ್ಲ ನೋಡುತ್ತಾರೆ? — ಕಲಬುರಗಿ

ಇದೆ. ಜಾಲ ವಿಶ್ಲೇಷಣೆಯ ಬಗ್ಗೆ ಐಎಸ್ 14580, ನಿರ್ಮಾಣ ಪ್ರಾಜೆಕ್ಟ್ ನಿರ್ವಹಣೆಯ ಬಗ್ಗೆ ಐಎಸ್ 15883, ಅದರ ಎರಡನೇ ಭಾಗ ಪೂರ್ತಿ ಕಾಲ ನಿರ್ವಹಣೆಯದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 7ನೇ ಭಾಗವೂ ನಿರ್ಮಾಣ ನಿರ್ವಹಣೆಯನ್ನು ಹೇಳುತ್ತದೆ. ಭಾರತೀಯ ಮಾನಕ ಬ್ಯೂರೋದ ಈ ದಾಖಲೆಗಳನ್ನು ಒಂದು ಸಲವೂ ತೆರೆಯದ ಪ್ಲ್ಯಾನಿಂಗ್ ಇಂಜಿನಿಯರ್‌ಗಳೇ ಹೆಚ್ಚು, ಅದು ಬೇಸರದ ಸಂಗತಿ. ಕನ್ಸಲ್ಟೆಂಟ್‌ಗೆ ಉತ್ತರ ಬರೆಯುವಾಗ ಇವನ್ನೂ ಉಲ್ಲೇಖಿಸಿ.

ಸರ್ಕಾರಿ ಕೆಲಸದಲ್ಲಿ ತಡಕ್ಕೆ ಮುಖ್ಯ ದಾಖಲೆ ಹಿಂಡ್ರೆನ್ಸ್ ರಿಜಿಸ್ಟರ್. ಅಡಚಣೆ ಏನು, ಯಾವತ್ತು ಶುರುವಾಯಿತು, ಯಾವತ್ತು ತೀರಿತು, ಬೇರೆ ಅಡಚಣೆಯೊಂದಿಗೆ ಎಷ್ಟು ದಿನ ಒಂದರ ಮೇಲೊಂದು ಬಿತ್ತು, ನಿವ್ವಳ ಎಷ್ಟು ದಿನ. ಅದರ ಕೊರತೆ ಏನೆಂದರೆ ಕ್ರಿಟಿಕಲ್ ಕೆಲಸ ನಿಂತದ್ದಕ್ಕೂ ಕಾಂಪೌಂಡ್ ಗೋಡೆ ನಿಂತದ್ದಕ್ಕೂ ಅಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಪ್ರತಿ ನಮೂದಿನ ಮುಂದೆ ತಟ್ಟಿದ ಆಕ್ಟಿವಿಟಿ ಐಡಿ ಮತ್ತು ಆವತ್ತಿನ ಫ್ಲೋಟ್ ಬರೆದು ಎರಡೂ ಕಡೆಯವರ ಸಹಿ ಹಾಕಿಸಿ. ಬಿಲ್ ಕೊಡುವ ಹೊತ್ತಿಗೆ ಒಟ್ಟಿಗೆ ಕೂತು ರಿಜಿಸ್ಟರ್ ತುಂಬುವ ಪದ್ಧತಿ ಕೆಲವು ಕಡೆ ಇದೆ. ಒಂದೇ ಶಾಯಿ, ಒಂದೇ ಕೈಬರಹ, ಎಲ್ಲ ಸಹಿಯೂ ಒಂದೇ ದಿನ – ಆರ್ಬಿಟ್ರೇಷನ್‌ನಲ್ಲಿ ಅಂಥ ರಿಜಿಸ್ಟರ್‌ಗೆ ಬೆಲೆ ಇರುವುದಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 55ನೇ ಕಲಂ ಕೂಡ ಓದಿಕೊಳ್ಳಿ. ಗಡುವೇ ಮುಖ್ಯವಾದ ಕರಾರಿನಲ್ಲಿ ತಡವಾದ ಕೆಲಸವನ್ನು ಒಪ್ಪಿಕೊಳ್ಳುವಾಗ, ‘ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡಿದ್ದೇವೆ’ ಎಂದು ನೋಟಿಸ್ ಕೊಡದಿದ್ದರೆ ಆ ತಡಕ್ಕೆ ಆಮೇಲೆ ಪರಿಹಾರ ಕೇಳಲಾಗದು. ಗಡುವು ವಿಸ್ತರಣೆಯ ಪತ್ರಗಳ ಭಾಷೆ ಹಾಗೆ ಇರುವುದು ಇದೇ ಕಾರಣಕ್ಕೆ.

ಪ್ರಶ್ನೆ: ದೋಹಾದಲ್ಲಿ ಮಂಗಳೂರಿನವರೇ ನಾಲ್ಕು ಜನ ಪ್ಲ್ಯಾನಿಂಗ್‌ನಲ್ಲಿದ್ದೇವೆ. ಫಿಡಿಕ್ ಕರಾರು. ಡ್ರಾಯಿಂಗ್ ಬದಲಾವಣೆಯಿಂದ ತಡವಾಗಿದೆ. ಟೈಮ್ ಇಂಪ್ಯಾಕ್ಟ್ ಅನಾಲಿಸಿಸ್ ಕೇಳುತ್ತಿದ್ದಾರೆ. ಯಾವ ಮಾನದಂಡ ಹಿಡಿಯೋಣ?

ಮಾನದಂಡಕ್ಕಿಂತ ಮೊದಲು ನೋಟಿಸ್. ಫಿಡಿಕ್ ಎಂಬ ಅಂತರರಾಷ್ಟ್ರೀಯ ಮಾದರಿ ಕರಾರಿನ 1999ರ ಕೆಂಪು ಪುಸ್ತಕವಾದರೆ 20.1, 2017ರದ್ದಾದರೆ 20.2 ಕಲಂ: ಘಟನೆ ಗೊತ್ತಾದ, ಅಥವಾ ಗೊತ್ತಾಗಬೇಕಿದ್ದ, 28 ದಿನದೊಳಗೆ ನೋಟಿಸ್. ಲೆಕ್ಕ ಆಮೇಲೆ ಮಾಡಬಹುದು, ನೋಟಿಸ್ ಆಮೇಲೆ ಆಗದು. ನಿಮ್ಮ ಕರಾರಿನ ವಿಶೇಷ ಷರತ್ತುಗಳಲ್ಲಿ ಈ ದಿನಗಳನ್ನು ಕಡಿಮೆ ಮಾಡಿರಬಹುದು, ಅದನ್ನೂ ನೋಡಿ.

ಕೆಲಸ ನಡೆಯುತ್ತಿರುವಾಗಲೇ ಮುಂದಿನ ಪರಿಣಾಮ ಲೆಕ್ಕ ಹಾಕಲು ಎಎಸಿಇಯ 52ಆರ್-06. ಎಲ್ಲ ಮುಗಿದ ಮೇಲೆ ಹಿಂದಿರುಗಿ ನೋಡುವುದಾದರೆ 29ಆರ್-03. ಬ್ರಿಟನ್ನಿನ ಸೊಸೈಟಿ ಆಫ್ ಕನ್‌ಸ್ಟ್ರಕ್ಷನ್ ಲಾ ಹೊರಡಿಸಿದ ವಿಳಂಬ ಪ್ರೋಟೋಕಾಲ್‌ನ 2017ರ ಎರಡನೇ ಆವೃತ್ತಿ ಆರು ವಿಧಾನಗಳನ್ನು ಹೇಳುತ್ತದೆ. ಕೊಲ್ಲಿಯಲ್ಲಿ ಬ್ರಿಟಿಷ್ ಕ್ಲೇಮ್ ಸಲಹೆಗಾರರು ಹೆಚ್ಚಾದ್ದರಿಂದ ಎದುರು ಪಕ್ಷದವರು ಅದನ್ನೇ ಎತ್ತುವ ಸಂಭವ ಜಾಸ್ತಿ.

ಹಂತಗಳು ಹೀಗೆ. ಘಟನೆಗೆ ತೀರಾ ಹಿಂದಿನ, ಒಪ್ಪಿಗೆಯಾದ ಅಪ್‌ಡೇಟ್ ತೆಗೆದುಕೊಳ್ಳಿ. ಬದಲಾವಣೆ ಮೇ 5ಕ್ಕೆ ಬಂದಿದ್ದರೆ ಏಪ್ರಿಲ್ 30ರದ್ದು. ಅದರಲ್ಲಿ ಮುಕ್ತಾಯ ಡಿಸೆಂಬರ್ 15 ಎನ್ನಿ. ಘಟನೆಯನ್ನು ಪುಟ್ಟ ಸರಣಿಯಾಗಿ ಬರೆಯಿರಿ: ಸೂಚನೆ ಬಂತು, ಹೊಸ ಡ್ರಾಯಿಂಗ್, ಅದಕ್ಕೆ ಒಪ್ಪಿಗೆ, ಕಂಬಿ ಮತ್ತೆ ಕತ್ತರಿಸುವುದು. ಇದನ್ನೇ ಫ್ರ್ಯಾಗ್‌ನೆಟ್ ಎನ್ನುತ್ತಾರೆ. ತಡೆ ಬಿದ್ದ ಆಕ್ಟಿವಿಟಿಯ ಹಿಂದೆ ಅದನ್ನು ಕಟ್ಟಿ, ಬೇರೇನೂ ಮುಟ್ಟದೆ ಎಫ್9. ಮುಕ್ತಾಯ ಜನವರಿ 2 ಆದರೆ ಪರಿಣಾಮ 18 ದಿನ. ಫ್ರ್ಯಾಗ್‌ನೆಟ್ 30 ದಿನದ್ದಾಗಿದ್ದರೂ ನಿಮಗೆ ಸಿಗುವುದು 18, ಉಳಿದ 12ನ್ನು ಫ್ಲೋಟ್ ನುಂಗಿತು. ‘30 ದಿನ ತಡವಾಯಿತು, 30 ದಿನ ಕೊಡಿ’ ಎಂಬ ಪತ್ರ ಬರೆಯುವವರು ಇಲ್ಲಿಯೇ ಸೋಲುವುದು.

ಪ್ರಶ್ನೆ: ಋಣ ಫ್ಲೋಟ್ ಕಾಣದಂತೆ ಮಾಡಿ ಕಳಿಸು ಎಂದು ಪ್ರಾಜೆಕ್ಟ್ ಮ್ಯಾನೇಜರ್ ಹೇಳುತ್ತಾರೆ. ಸರ್ಟಿಫಿಕೇಟ್ ಇದ್ದವರು ಹೀಗೆ ಮಾಡಬಹುದೇ? (ಹೆಸರು, ಊರು ಬೇಡ)

ಮಾಡಬಾರದು. ಪಿಎಂಐ ನೀತಿಸಂಹಿತೆಯ ನಾಲ್ಕು ಮೌಲ್ಯಗಳಲ್ಲಿ ಪ್ರಾಮಾಣಿಕತೆ ಒಂದು. ಎಎಸಿಇಗೂ ನೀತಿಸಂಹಿತೆ ಇದೆ. ಉಲ್ಲಂಘಿಸಿದರೆ ಸರ್ಟಿಫಿಕೇಟ್ ಹೋಗಬಹುದು.

ಆದರೆ ‘ಆಗಲ್ಲ ಸಾರ್’ ಎಂದಷ್ಟೇ ಹೇಳಿ ಬಂದರೆ ಕೆಲಸ ನಡೆಯುವುದಿಲ್ಲ. ಅವರಿಗೆ ಎರಡು ವಿಷಯ ತೋರಿಸಿ. ಒಂದು, ಕನ್ಸಲ್ಟೆಂಟ್ ಬಳಿ ಹಿಂದಿನ ಫೈಲ್ ಇದೆ. ಪಿ6ನೊಂದಿಗೆ ಬರುವ ವಿಶುವಲೈಜರ್‌ನಲ್ಲಿ ಎರಡು ಫೈಲ್ ಹೋಲಿಸಿದರೆ ಯಾವ ಲಿಂಕ್ ಅಳಿಸಿದ್ದೀರಿ, ಯಾವ ಅವಧಿ ಕಡಿಮೆ ಮಾಡಿದ್ದೀರಿ, ಯಾವ ಕನ್‌ಸ್ಟ್ರೈಂಟ್ ಹಾಕಿದ್ದೀರಿ ಎಂದು ಪಟ್ಟಿಯಾಗಿ ಬರುತ್ತದೆ. ಹಿಂದಿನ ತಿಂಗಳ ಆಗಿಹೋದ ದಿನಾಂಕ ತಿದ್ದಿದ್ದರೆ ಪೋರ್ ಕಾರ್ಡ್ (ಕಾಂಕ್ರೀಟ್ ಹಾಕುವಾಗ ಸಹಿಯಾಗುವ ಸೈಟ್ ದಾಖಲೆ) ಜೊತೆ ತಾಳೆ ಆಗುವುದಿಲ್ಲ. ಎರಡು, ತಡಕ್ಕೆ ಮಾಲೀಕರೂ ಕಾರಣವಾಗಿದ್ದರೆ ನೀವು ಅಳಿಸುತ್ತಿರುವುದು ನಿಮ್ಮದೇ ಕ್ಲೇಮ್‌ನ ಪುರಾವೆ. ‘ಎಲ್ಲ ಸಮಯಕ್ಕೆ ಸರಿಯಾಗಿದೆ’ ಎಂದು ಆರು ತಿಂಗಳು ವರದಿ ಕೊಟ್ಟು ಏಳನೇ ತಿಂಗಳು ಗಡುವು ವಿಸ್ತರಣೆ ಕೇಳಿದರೆ ಯಾರು ನಂಬುತ್ತಾರೆ? ಎರಡನೆಯದು ಹೆಚ್ಚು ಮ್ಯಾನೇಜರ್‌ಗಳಿಗೆ ತಟ್ಟುತ್ತದೆ.

ಅಪ್‌ಡೇಟ್ ಇದ್ದ ಹಾಗೇ ಕಳಿಸಿ, ಜೊತೆಗೆ ರಿಕವರಿ ಶೆಡ್ಯೂಲ್ ಬೇರೆ ಫೈಲಾಗಿ ಕೊಡಿ: ಎರಡನೇ ಸೆಂಟ್ರಿಂಗ್ ಸೆಟ್, ರಾತ್ರಿ ಪಾಳಿ, ಯಾವ ತಾರೀಖಿನಿಂದ, ಎಷ್ಟು ಜನ. ಮೌಖಿಕ ಸೂಚನೆ ಬಂದರೆ ‘ನೀವು ಹೇಳಿದಂತೆ’ ಎಂದು ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಬಹಳ ಸಲ ಸೂಚನೆ ಅಲ್ಲಿಗೇ ನಿಂತುಹೋಗುತ್ತದೆ.

ಪ್ರಶ್ನೆ: ಪಿಎಂಪಿ ಇದ್ದರೆ ಪಿಎಂಐ-ಎಸ್‌ಪಿ ಬೇಕೇ?

ಪಿಎಂಪಿ ಕೂಡ ಪಿಎಂಐನದೇ ಸರ್ಟಿಫಿಕೇಟ್, ಇಡೀ ಪ್ರಾಜೆಕ್ಟ್ ನಡೆಸುವವರಿಗೆ, ಅದರಲ್ಲಿ ಶೆಡ್ಯೂಲ್ ಒಂದು ಪಾಲು. ಪ್ಲ್ಯಾನಿಂಗ್ ಮ್ಯಾನೇಜರ್ ಹುದ್ದೆಗೆ ಅರ್ಜಿ ಹಾಕುವುದಾದರೆ ಮಾತ್ರ ಎರಡನೆಯದಕ್ಕೆ ಖರ್ಚು ಮಾಡಿ.

ಪ್ರಶ್ನೆ: ಒಮ್ಮೆ ಪಾಸಾದರೆ ಜೀವನಪೂರ್ತಿ ಇರುತ್ತದೆಯೇ? ಪರೀಕ್ಷೆಯ ದಿನ ಇನ್ನೇನು ಎಚ್ಚರ ಬೇಕು? — ಶಿವಮೊಗ್ಗ

ಇಲ್ಲ. ಪಿಎಂಐ-ಎಸ್‌ಪಿಗೆ 3 ವರ್ಷಕ್ಕೊಮ್ಮೆ 30 ಪಿಡಿಯು ಗಳಿಸಿ ನವೀಕರಿಸಬೇಕು. ಒಂದು ಗಂಟೆಯ ಕಲಿಕೆಗೆ ಒಂದು ಪಿಡಿಯು, ಅಂದರೆ ವರ್ಷಕ್ಕೆ 10 ಗಂಟೆ. ಪಿಎಂಐನ ಬೆಂಗಳೂರು ಚಾಪ್ಟರ್ ಸಭೆಗಳಿಗೆ ಹೋದರೂ ಸೇರುತ್ತಾ ಬರುತ್ತದೆ. ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಪಿಎಸ್‌ಪಿ ಕೂಡ 3 ವರ್ಷಕ್ಕೇ.

ಪರೀಕ್ಷೆಯ ದಿನದ ತೊಂದರೆ ನಮ್ಮವರಿಗೆ ಹೆಚ್ಚಾಗಿ ಬರುವುದು ಹೆಸರಿನಿಂದ. ಅರ್ಜಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಊರಿನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ಎರಡೂ ತಾಳೆಯಾಗದಿದ್ದರೆ ಕೇಂದ್ರದ ಬಾಗಿಲಿನಿಂದಲೇ ವಾಪಸ್ ಕಳಿಸಬಹುದು, ಕಟ್ಟಿದ ಹಣವೂ ಹೋಗಬಹುದು. ಖಾತೆ ತೆರೆಯುವಾಗಲೇ ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳನ್ನು, ಅದೇ ಕ್ರಮದಲ್ಲಿ ತುಂಬಿ. ಈಗಾಗಲೇ ತಪ್ಪಾಗಿದ್ದರೆ ಸ್ಲಾಟ್ ಬುಕ್ ಮಾಡುವ ಮೊದಲೇ ಗ್ರಾಹಕ ಸೇವೆಗೆ ಬರೆದು ತಿದ್ದಿಸಿಕೊಳ್ಳಿ.